ಅಭಿಮಾನಿ ಹಾಕಿದ ಹಾರ, ಅಭಿಮಾನಿ ಕೊಟ್ಟ ಏಟು!

ಎಂಟು ನಿಮಿಷದ ಹಾಡು ಹಿಟ್ ಆಗತ್ತಾ ಸ್ವಾಮಿ? ಆಯ್ತು! 1992ರಲ್ಲಿ ಅಮೆರಿಕದ ‘ಡ್ರೀಮ್ ಥಿಯೇಟರ್’ ತಂಡದ ‘ಪುಲ್ ಮಿ ಅಂಡರ್’ ಬಂತು. ಎಂಟೀವಿಯವರು ಕತ್ತರಿ ಹಾಕಿಯೇ ತೋರಿಸಿದರು ಅನ್ನಿ. ಆದರೂ ಹುಡುಗರು ಹುಚ್ಚೆದ್ದರು.

ಹೆವಿ ಮೆಟಲ್‌ನ ಗುಡುಗು, ಅದರೊಳಗೆ ಏಳು, ಒಂಬತ್ತು ಎಣಿಕೆಯ ತಾಳದ ಕಸರತ್ತು... ಇದಕ್ಕೇ ಪ್ರೋಗ್ರೆಸಿವ್ ಮೆಟಲ್ ಅಂತಾರೆ. 1985ರಲ್ಲಿ ಬೋಸ್ಟನ್‌ನ ಬರ್ಕ್ಲೀ ಸಂಗೀತ ಕಾಲೇಜಿನ ಮೂವರು ಹುಡುಗರು ಕಟ್ಟಿದ ತಂಡವಿದು: ಗಿಟಾರಿಗೆ ಜಾನ್ ಪೆಟ್ರೂಚಿ, ಬೇಸ್‌ಗೆ ಜಾನ್ ಮ್ಯೂಂಗ್, ಡ್ರಮ್ಸ್‌ಗೆ ಮೈಕ್ ಪೋರ್ಟ್‌ನಾಯ್. 1992ರ ಆ ‘ಇಮೇಜಸ್ ಅಂಡ್ ವರ್ಡ್ಸ್’ ಆಲ್ಬಂ ಅಭಿಮಾನಿಗಳಿಗೆ ಇವತ್ತಿಗೂ ದೇವರ ಪಟ. ಅದರ ಡ್ರಮ್ಸ್ ಸದ್ದು ತಗಡು ಬಡಿದ ಹಾಗಿದೆ ಅಂತ ಗೊಣಗುವವರೂ ಅವರೇ! ವಿಮರ್ಶಕರ ರಾಗವೇ ಬೇರೆ. ಬೆರಳು ಓಡತ್ತೆ, ಎದೆ ಮಿಡಿಯಲ್ಲ, ಇದು ಬರೀ ಸರ್ಕಸ್ಸು ಅನ್ನೋದು ಅವರ ಹಳೇ ದೂರು.

ಅಸಲಿ ಜಗಳ ಶುರುವಾಗಿದ್ದು 1997ರಲ್ಲಿ. ತಂಡದ ಹತ್ತಿರ ಎರಡು ಡಿಸ್ಕಿಗಾಗುವಷ್ಟು ಹಾಡಿತ್ತು. ರೆಕಾರ್ಡ್ ಕಂಪನಿ ಒಪ್ಪಲಿಲ್ಲ. ವಿತರಕರು ‘ಒಂದು ಕ್ಯಾಬರೆ ಹಾಕಿ’ ಅಂತ ಪೀಡಿಸೋ ಹಾಗೆ, ರೇಡಿಯೋಗೆ ಹೊಂದೋ ಹಾಡು ಬೇಕು ಅಂತ ಹಟ ಹಿಡಿಯಿತು. ಹಿಟ್ ಹಾಡುಗಳ ಸರದಾರ ಡೆಸ್ಮಂಡ್ ಚೈಲ್ಡ್ ಬಂದು ಒಂದು ಹಾಡನ್ನು ತಿದ್ದಿದರು. ಆ ‘ಫಾಲಿಂಗ್ ಇನ್ಟು ಇನ್ಫಿನಿಟಿ’ ಕೇಳಿ ಅಭಿಮಾನಿಗಳು ಮುಖ ಸಿಂಡರಿಸಿದರು. ನನ್ನ ಕೇಳಿದರೆ ಅದು ಅಷ್ಟೇನೂ ಕೆಟ್ಟದ್ದಲ್ಲ... ಇರಲಿ.

ಪೋರ್ಟ್‌ನಾಯ್ ಸಿಡಿದೆದ್ದರು. ಇನ್ನು ನಮ್ಮ ಕೆಲಸದಲ್ಲಿ ಕಂಪನಿ ಕೈ ಹಾಕಕೂಡದು! 1992ರ ಆಲ್ಬಂನಲ್ಲಿ ‘ಮೆಟ್ರೊಪೊಲಿಸ್ ಭಾಗ 1’ ಅಂತ ಒಂದು ಹಾಡಿತ್ತು. ಎರಡನೇ ಭಾಗ ಎಲ್ಲಿ ಅಂತ ಅಭಿಮಾನಿಗಳು ಏಳು ವರ್ಷ ಕಾಡಿದ್ದರು. 1999ರಲ್ಲಿ ಬಂತು ನೋಡಿ, 77 ನಿಮಿಷದ ‘ಸೀನ್ಸ್ ಫ್ರಮ್ ಎ ಮೆಮೊರಿ’! ಇಡೀ ಆಲ್ಬಂ ಒಂದೇ ಕಥೆ. 1928ರಲ್ಲಿ ಕೊಲೆಯಾದ ಹುಡುಗಿ, ಸಮ್ಮೋಹನದ ನಿದ್ದೆಯಲ್ಲಿ ಅವಳನ್ನು ಕಾಣುವ ನಾಯಕ, ಪುನರ್ಜನ್ಮ, ಕೊನೆಯಲ್ಲಿ ತಿರುವು... ಸಿನಿಮಾದವರಿಗೆ ಇನ್ನೇನು ಬೇಕು ಹೇಳಿ? ಸರ್ಕಸ್ ಅಂದಿದ್ದ ಎಷ್ಟೋ ವಿಮರ್ಶಕರು ಇದಕ್ಕೆ ತಲೆದೂಗಿದರು. ಅಭಿಮಾನಿಗಳ ಹಟವೇ ಗೆದ್ದಿತ್ತು.

ಆದರೆ ಅದೇ ಅಭಿಮಾನಿಗಳು ಒಬ್ಬ ಮನುಷ್ಯನಿಗೆ ಮಾಡಿದ್ದೇನು?

2010ರಲ್ಲಿ ಪೋರ್ಟ್‌ನಾಯ್ ತಂಡ ಬಿಟ್ಟರು. ಏಳು ಜನರನ್ನು ಪರೀಕ್ಷೆ ಮಾಡಿ ಮೈಕ್ ಮ್ಯಾಂಜಿನಿಯನ್ನು ಆರಿಸಿದರು. ಮ್ಯಾಂಜಿನಿ ಬರ್ಕ್ಲೀಯ ಮೇಷ್ಟರ ಕೆಲಸ ಬಿಟ್ಟು ಬಂದವರು. ಐದು ಆಲ್ಬಂಗೆ ನುಡಿಸಿದರು. ಜನ ಹೇಳಿದ್ದು ಒಂದೇ ಮಾತು: ಕೈ ಚುರುಕು, ಆದರೆ ಯಂತ್ರ! 2016ರ ‘ದಿ ಅಸ್ಟಾನಿಶಿಂಗ್’ 34 ತುಣುಕುಗಳ, ಎರಡು ಗಂಟೆ ಮೀರಿದ ಕಥೆ. ನನಗೂ ಮಧ್ಯಂತರಕ್ಕೇ ಆಕಳಿಕೆ ಬಂತು. ಆದರೆ ಅದರ ಕಥೆ ಪೆಟ್ರೂಚಿ ಬರೆದದ್ದು, ಡ್ರಮ್ಸ್‌ನವರು ಏನು ಮಾಡ್ತಾರೆ?

ತಂಡಕ್ಕೆ ಮೊದಲ ಗ್ರ್ಯಾಮಿ ಬಂದಿದ್ದು 2022ರಲ್ಲಿ, ‘ದಿ ಏಲಿಯನ್’ ಹಾಡಿಗೆ. ಡ್ರಮ್ಸ್ ಯಾರದು? ಮ್ಯಾಂಜಿನಿಯದೇ! ಮರುವರ್ಷ, 2023ರ ಅಕ್ಟೋಬರ್‌ನಲ್ಲಿ ಪೋರ್ಟ್‌ನಾಯ್ ವಾಪಸ್ ಬಂದರು. ಅಭಿಮಾನಿಗಳಿಗೆ ಹಬ್ಬ. 2025ರಲ್ಲಿ ಬಂದ ‘ಪ್ಯಾರಾಸೋಮ್ನಿಯಾ’ಕ್ಕೂ ಆರತಿ ಎತ್ತಿದರು. ಮ್ಯಾಂಜಿನಿ ತಕರಾರು ತೆಗೆಯದೆ ಹೊರಟುಹೋದರು.

‘ದಿ ಏಲಿಯನ್’ ಒಮ್ಮೆ ಹಾಕಿ, ಗಿಟಾರ್ ಬಿಟ್ಟು ಡ್ರಮ್ಸ್ ಮಾತ್ರ ಕೇಳಿ. ಯಂತ್ರ ಹೌದೋ ಅಲ್ಲವೋ, ನೀವೇ ಹೇಳಿ.