ಊದುವವರ ಓಣಿಯ ಹಳೇ ವಾದ್ಯಗಳು

ಹಂಪಿಯ ಹಜಾರರಾಮ ಗುಡಿಯ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ಸೈನಿಕರ ಜೊತೆ ವಾದ್ಯದವರೂ ಮೆರವಣಿಗೆ ಹೊರಟಿದ್ದಾರೆ. ಅದು ಕಲ್ಲಿನ ಲೆಕ್ಕವಾಯಿತು. ಮರದ ಹಳೇ ವಾದ್ಯ ಬೇಕೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಭಜಂತ್ರಿಗಳ ಮನೆ ಬಾಗಿಲಿಗೇ ಹೋಗಬೇಕು. ಗುಜರಿ ಅಂಗಡಿಯಲ್ಲಿ ಹುಡುಕಿ ಫಲವಿಲ್ಲ: ಹಿತ್ತಾಳೆಗೆ ತೂಕದ ಬೆಲೆಯುಂಟು, ಮರಕ್ಕೆ ಒಲೆಯೇ ಗತಿ.

ಮದುವೆ, ಜಾತ್ರೆ, ತೇರಿಗೆ ಊದುವುದು ಕೊರಮ ಸಮುದಾಯದ ಈ ಕುಟುಂಬಗಳ ಪರಂಪರೆಯ ಕಸುಬು. ಸನಾದಿ, ಅದರ ಬೆನ್ನಿಗೆ ಒಂದೇ ಸ್ವರ ಹಿಡಿದು ನಿಲ್ಲುವ ಶ್ರುತಿ, ಬಯಲಾಟಕ್ಕೆ ಪುಟ್ಟ ಮುಖವೀಣೆ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ರಾಜ್‌ಕುಮಾರ್ ಕೈಯಲ್ಲಿ ಸನಾದಿ, ಅದರ ನಾದ ಉಸ್ತಾದ್ ಬಿಸ್ಮಿಲ್ಲಾ ಖಾನರದು. ಆ ಚಿತ್ರ ನೋಡಿ ಕಣ್ಣೊರೆಸಿಕೊಂಡ ನಾವು, ನಮ್ಮೂರಲ್ಲೇ ಊದುವವರ ಹೆಸರು ಕೇಳಲಿಲ್ಲ.

ಹುಡುಕಲು ಒಳ್ಳೆಯ ದಿನ ಆಯುಧಪೂಜೆ. ವರ್ಷವಿಡೀ ಬಟ್ಟೆ ಸುತ್ತಿಕೊಂಡು ಅಟ್ಟದಲ್ಲಿದ್ದದ್ದೂ ಅಂದು ಕೆಳಗಿಳಿದು ವಿಭೂತಿ, ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಪೂಜೆ ಮುಗಿಯುವವರೆಗೆ ಮುಟ್ಟಬೇಡಿ. ‘ಎಷ್ಟಕ್ಕೆ ಕೊಡ್ತೀರಿ?’ ಎಂದಂತೂ ಕೇಳಲೇಬೇಡಿ. ‘ಯಾರು ಊದತಿದ್ರು ಯಜಮಾನ್ರೇ?’ ಎಂದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಕೈಗೆ ಕೊಟ್ಟರೆ ಮೊದಲು ತೂತುಗಳ ಅಂಚು ನೋಡಿ. ತಲೆಮಾರುಗಟ್ಟಲೆ ಊದಿದ ಕೊಳವೆಯಲ್ಲಿ ಬೆರಳು ಕೂರುವ ಜಾಗ ಸವೆದು ನುಣುಪಾಗಿ ತಗ್ಗಿರುತ್ತದೆ. ತೋರಿಕೆಗೆ ಮಾಡಿದ ವಾದ್ಯದಲ್ಲಿ ಅಂಚು ಚೂಪು. ಕೆಳಗಿನ ಒಂದೆರಡು ತೂತಿಗೆ ಮೇಣ ಮೆತ್ತಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಶ್ರುತಿ ಸರಿಮಾಡಿಕೊಂಡ ಗುರುತು. ಕೆರೆದು ‘ಸ್ವಚ್ಛ’ ಮಾಡಿದರೆ ಊದಿದವನ ಶ್ರುತಿಯೇ ಹೋಯಿತು. ಮರ ಹಳೆಯದಾದಷ್ಟೂ ಒಳ್ಳೆಯದು. ತಮಿಳುನಾಡಿನ ನರಸಿಂಗಂಪೇಟೆಯಲ್ಲಿ ನಾಗಸ್ವರ ಕಡೆಯುವವರು ಹಳೇ ಮನೆಗಳಿಂದ ಕಳಚಿದ ಆಚ್ಚಾ ಮರವನ್ನೇ ಬಯಸುತ್ತಾರೆ. ಅದೇ ನಮ್ಮ ಬಯಲುಸೀಮೆಯ ಒಣಕಾಡಿನ ಕಮರ.

ಮರ ಉಳಿದರೂ ಬಾಯಿಗಿಡುವ ಪೀಪಿ ಉಳಿಯುವುದಿಲ್ಲ. ದಂಟು ಸೀಳಿ ಕಟ್ಟಿದ ಆ ತುಣುಕು ಒಣಗಿದರೆ ಸೀಳುತ್ತದೆ, ನೆನೆದು ನೆನೆದು ಮೆತ್ತಗಾಗುತ್ತದೆ. ಪೀಪಿ ಕಟ್ಟಲು ಬಲ್ಲ ಹಿರಿಯರು ಸಿಕ್ಕರೆ ವಾದ್ಯ ಬದಿಗಿಟ್ಟು ಅವರ ಕೈ ನೋಡುತ್ತಾ ಕೂರುವುದು ಲಾಭ.

ಬ್ಯಾಂಡ್‌ಸೆಟ್ಟಿನವರ ಹಳೇ ಕ್ಲಾರಿನೆಟ್‌ನದು ಬೇರೆಯೇ ಕಥೆ. ಬಳ್ಳಾರಿ ಬ್ರಿಟಿಷರ ದೊಡ್ಡ ದಂಡುಪ್ರದೇಶವಾಗಿತ್ತು. ಬ್ರಿಟಿಷ್ ಸೇನೆಯ ಬ್ಯಾಂಡುಗಳು 1920ರ ದಶಕದ ಕೊನೆಯವರೆಗೂ ಏರುಶ್ರುತಿಯಲ್ಲೇ ನುಡಿಸುತ್ತಿದ್ದವು. ಇಂದಿನ 440 ಕಂಪನದ ಸ್ವರ ಅಲ್ಲಿ ಸುಮಾರು 452. ಅಂಥ ಕ್ಲಾರಿನೆಟ್ ಕೈಗೆ ಬಂದರೆ ಕೊಳವೆಯ ಮೇಲೆ ‘ಎಚ್.ಪಿ.’ (ಹೈ ಪಿಚ್, ಅಂದರೆ ಏರುಶ್ರುತಿ) ಎಂಬ ಮುದ್ರೆ ಇದೆಯೇ ನೋಡಿ. ಇದ್ದರೆ ಹಾರ್ಮೋನಿಯಂ ಜೊತೆ ಕೂಡುವುದಿಲ್ಲ. ಜೋಡಣೆ ಎಳೆದು ಉದ್ದ ಮಾಡಿದರೆ ಒಂದು ಸ್ವರ ಸರಿಹೋಗಿ ಇನ್ನೊಂದು ಕೆಡುತ್ತದೆ. ಬರೀ ಡ್ರಮ್ಮಿನ ಜೊತೆ ಮೆರವಣಿಗೆಯಲ್ಲಿ ಮಾತ್ರ ಧಾರಾಳವಾಗಿ ಊದಬಹುದು.