ಅನುವಾದ ನಿಂತಲ್ಲಿ ಆರಂಭವಾದ ಕಾದಂಬರಿ

ಮೆಚ್ಚಿದ ಲೇಖಕನ ಗುಂಗಿನಲ್ಲಿ ಬರೆದ ಮೊದಲ ಕಾದಂಬರಿಯ ಬಗ್ಗೆ ಓದುಗರಿಗೆ ಒಂದು ಗುಮಾನಿ ಇದ್ದೇ ಇರುತ್ತದೆ: ಇದರಲ್ಲಿ ಸ್ವಂತದ್ದೆಷ್ಟು, ಎರವಲೆಷ್ಟು? ಮಲಯಾಳಂನ ಮೊದಲ ಲಕ್ಷಣಬದ್ಧ ಕಾದಂಬರಿಯೆಂದು ಹೆಸರಾದ ‘ಇಂದುಲೇಖಾ’ ಹುಟ್ಟಿದ ಬಗೆಯನ್ನು ನೋಡಿದರೆ ಈ ಗುಮಾನಿ ಸಡಿಲವಾಗುತ್ತದೆ. ಅದನ್ನು ಬರೆದ ಒ. ಚಂದು ಮೆನನ್ ಮಲಬಾರಿನ ಪರಪ್ಪನಂಗಾಡಿಯಲ್ಲಿ ಮುನ್ಸೀಫರಾಗಿದ್ದವರು. ಇಂಗ್ಲಿಷ್ ಕಾದಂಬರಿಗಳ ರುಚಿ ಹತ್ತಿದ ಮೇಲೆ, ಓದಿದ್ದನ್ನು ಮನೆಯವರಿಗೂ ಆಪ್ತರಿಗೂ ಮಲಯಾಳಂನಲ್ಲಿ ಬಾಯಿಮಾತಿನಲ್ಲೇ ಹೇಳುತ್ತಿದ್ದರು. ಬೆಂಜಮಿನ್ ಡಿಸ್ರೇಲಿಯ 1837ರ ಪ್ರೇಮಕಥೆ ‘ಹೆನ್ರಿಯೆಟಾ ಟೆಂಪಲ್’ ಕೇಳುಗರಿಗೆ ಹಿಡಿಸಿತು. ಬರೆದುಕೊಡಿ ಎಂಬ ಒತ್ತಾಯವೂ ಬಂತು. ಅನುವಾದಕ್ಕೆ ಕೈಹಾಕಿದ ಮೆನನ್ ಸ್ವಲ್ಪ ದೂರ ಸಾಗಿ ಕೈಬಿಟ್ಟರು.

ಕೈಬಿಟ್ಟದ್ದಕ್ಕೆ ಕಾರಣವಿತ್ತು. ಎದುರಿಗೆ ಕೂತವರಿಗೆ ಕಥೆ ಹೇಳುವಾಗ ದನಿ ಏರಿಳಿಸಬಹುದು, ನಡುನಡುವೆ ನಿಲ್ಲಿಸಿ ಇಂಗ್ಲಿಷರ ರೀತಿನೀತಿ ವಿವರಿಸಬಹುದು. ಕಾಗದದ ಮೇಲೆ ಆ ಅನುಕೂಲವಿಲ್ಲ. ಇದೇ ಕಾಲದಲ್ಲಿ ಕನ್ನಡದಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಅನುವಾದಿಸಿ ಜನಪ್ರಿಯರಾದರಲ್ಲ ಎಂದು ಕೇಳಬಹುದು. ಆದರೆ ಬಂಗಾಳದ ಮನೆ, ಮದುವೆ, ಪೂಜೆ ನಮ್ಮವರಿಗೆ ಅಷ್ಟೇನೂ ದೂರದವಲ್ಲ. ಇಂಗ್ಲೆಂಡಿನ ಸಿರಿವಂತರ ಬಂಗಲೆ ಮಲಬಾರಿನ ತರವಾಡಿಗೆ, ಅಂದರೆ ಅಲ್ಲಿನ ಕೂಡುಕುಟುಂಬದ ಮನೆಗೆ, ಬಲು ದೂರ. ಹೀಗಾಗಿ ಮೆನನ್ ಡಿಸ್ರೇಲಿಯನ್ನು ಬದಿಗಿಟ್ಟು, 1889ರ ಜೂನ್‌ನಲ್ಲಿ ತಮ್ಮದೇ ಕಥೆ ಆರಂಭಿಸಿ ಆಗಸ್ಟ್‌ನಲ್ಲಿ ಮುಗಿಸಿದರು.

ಹಾಗಾದರೆ ಡಿಸ್ರೇಲಿಯಿಂದ ಬಂದದ್ದೇನು? ದೇವದಾನವರಿಲ್ಲದೆ, ಪವಾಡಗಳಿಲ್ಲದೆ, ನಿತ್ಯ ಕಾಣುವ ಮನುಷ್ಯರ ಪ್ರೀತಿ ಮತ್ತು ಅದರ ಅಡ್ಡಿಗಳೇ ಒಂದು ಪುಸ್ತಕಕ್ಕೆ ಸಾಕು ಎಂಬ ಧೈರ್ಯ. ಇಂಥ ಸಾದಾ ಕಥೆಯಲ್ಲಿ ಸ್ವಾರಸ್ಯವೇನು ಎಂದು ಕೇಳಿದವರಿಗೆ ಮೆನನ್ ಮುನ್ನುಡಿಯಲ್ಲಿ ತೈಲಚಿತ್ರದ ಹೋಲಿಕೆ ಕೊಟ್ಟು ಉತ್ತರಿಸಿದ್ದಾರೆ: ಇದ್ದದ್ದನ್ನು ಇದ್ದಂತೆ ತೋರಿಸುವುದರಲ್ಲೂ ಸೊಗಸಿದೆ. ಉಳಿದದ್ದು ಮಲಬಾರಿನದೇ. ಹಳೆಯ ಹಟದ ಯಜಮಾನ ಪಂಚು ಮೆನನ್, ಸಂಬಂಧ ಬೆಳೆಸಲು ಬಂದು ನಗೆಪಾಟಲಾಗುವ ಸೂರಿ ನಂಬೂದಿರಿ, ಅವನನ್ನು ಒಲ್ಲೆನೆನ್ನುವ ವಿದ್ಯಾವಂತೆ ಇಂದುಲೇಖಾ: ಅಳಿಯಕಟ್ಟಿನ ಮನೆಗಳನ್ನು ಒಳಗಿನಿಂದ ಬಲ್ಲವರಿಗಷ್ಟೇ ದಕ್ಕುವ ಪಾತ್ರಗಳಿವು.

ಡಿಸ್ರೇಲಿಯನ್ನು ಓದದಿದ್ದರೂ ಮೆನನ್ ಬರೆಯುತ್ತಿದ್ದರೇನೋ ಎಂಬ ಆಕ್ಷೇಪ ಉಳಿಯುತ್ತದೆ. ಕಥೆಗಾಗಿ ಕಾಡುತ್ತಿದ್ದ ಮನೆಯವರ ಪಾಲೂ ಇದರಲ್ಲಿ ಇದೆ, ನಿಜ. ಆದರೆ ಆ ಹಸಿವನ್ನು ಎಬ್ಬಿಸಿದ್ದೇ ಮೆನನ್ ಹೇಳುತ್ತಿದ್ದ ಇಂಗ್ಲಿಷ್ ಕಥೆಗಳು. ಹದಿನೆಂಟನೆಯ ಅಧ್ಯಾಯದಲ್ಲಿ ಕಥೆಯನ್ನು ನಿಲ್ಲಿಸಿ ದೇವರು, ನಾಸ್ತಿಕತೆ, ಕಾಂಗ್ರೆಸ್ಸಿನ ಬಗ್ಗೆ ನಡೆಯುವ ಉದ್ದನೆಯ ಚರ್ಚೆ ಶಿಲ್ಪದ ದೋಷವೆನ್ನುವವರಿದ್ದಾರೆ. ದೋಷವೇ ಇರಲಿ, ಅದು ಪ್ರೇಮಕಥೆಯ ಮಾದರಿಯಿಂದ ಬಂದದ್ದಲ್ಲ. 1880ರ ದಶಕದ ಮಲಬಾರಿನ ವಿದ್ಯಾವಂತನ ತಲೆಬಿಸಿಯಿಂದ ಬಂದದ್ದು. ಮೆಚ್ಚಿದ ಲೇಖಕನನ್ನು ಕೊನೆಯವರೆಗೂ ಹಿಂಬಾಲಿಸಿದ್ದರೆ ಮೆನನ್ ಅವರಿಂದ ಒಂದು ಅನುವಾದ ಸಿಗುತ್ತಿತ್ತು, ಅಷ್ಟೇ. ಅವನ ದಾರಿ ತಮ್ಮೂರಿಗೆ ಹೋಗುವುದಿಲ್ಲವೆಂದು ತಿಳಿದದ್ದರಿಂದ ‘ಇಂದುಲೇಖಾ’ ಸಿಕ್ಕಿತು.