ತೊಂಬತ್ತು ಸೆಕೆಂಡುಗಳ ಪ್ರತಿಭೆ

ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿ ಆಪ್ತರೊಬ್ಬರ ಮನೆಗೆ ಈಚೆಗೆ ಹೋಗಿದ್ದೆ. ಸರ್ಕಾರಿ ಶಾಲೆಯ ಐದನೇ ತರಗತಿಯಲ್ಲಿರುವ ಅವರ ಮೊಮ್ಮಗಳು ನವೋದಯ ಪ್ರವೇಶ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ‘ಕರದಂಟಿನ ಪೊಟ್ಟಣವನ್ನು 240 ರೂಪಾಯಿಗೆ ಮಾರಿದಾಗ ಶೇ 20ರಷ್ಟು ಲಾಭ ಬಂದರೆ ಕೊಂಡ ಬೆಲೆ ಎಷ್ಟು?’ ಎಂದು ಕೇಳಿದೆ. ಆಕೆ 240ರಲ್ಲಿ ಶೇ 20ನ್ನು ಕಳೆದಳು; 192 ಬಂತು. ತಾಳೆ ನೋಡಿದಳು, ಹೊಂದಲಿಲ್ಲ. ಲಾಭವನ್ನು ಕೊಂಡ ಬೆಲೆಯ ಮೇಲೆ ಲೆಕ್ಕ ಹಾಕಬೇಕೆಂದು ತಾನೇ ಕಂಡುಕೊಂಡು, 200 ಎಂದಳು. ನಾಲ್ಕು ನಿಮಿಷ ಹಿಡಿಯಿತು. ‘ಪರೀಕ್ಷಾದಾಗ ಇಷ್ಟೊತ್ತು ಕೊಡೂದಿಲ್ರೀ ಅಜ್ಜಾರ’ ಎಂದು ಮುಖ ಸಣ್ಣದು ಮಾಡಿದಳು.

ಆಕೆಯ ಮಾತು ನಿಜ. ನವೋದಯ ಪರೀಕ್ಷೆಯಲ್ಲಿ ಎರಡು ಗಂಟೆಗೆ 80 ಪ್ರಶ್ನೆಗಳು. ಅವುಗಳಲ್ಲಿ ಅಂಕಗಣಿತದ 20 ಪ್ರಶ್ನೆಗಳಿಗೆ 30 ನಿಮಿಷ. ಅಂದರೆ ಒಂದಕ್ಕೆ ತೊಂಬತ್ತು ಸೆಕೆಂಡು. ಪ್ರಶ್ನೆಯನ್ನು ಓದುವುದು, ಲೆಕ್ಕ ಮಾಡುವುದು, ಉತ್ತರದ ವೃತ್ತ ತುಂಬುವುದು ಎಲ್ಲವೂ ಅಷ್ಟರೊಳಗೇ ಮುಗಿಯಬೇಕು. ಬೆಳಗಾವಿ ಜಿಲ್ಲೆಯ ಕೋಥಳಿಯಲ್ಲಿರುವಂಥ ಒಂದು ನವೋದಯ ವಿದ್ಯಾಲಯದ ಆರನೇ ತರಗತಿಗೆ ಆಯ್ಕೆಯಾಗುವವರು ಹೆಚ್ಚೆಂದರೆ 80 ಮಕ್ಕಳು. ತಪ್ಪಿದವರು ಈ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವಂತಿಲ್ಲ.

ವೇಗವೂ ಒಂದು ಸಾಮರ್ಥ್ಯವೇ ಎಂಬ ವಾದವನ್ನು ತಳ್ಳಿಹಾಕಲಾಗದು. ಮಗ್ಗಿ ಬಾರದ ಮಗು ಗಣಿತದಲ್ಲಿ ಮುಂದೆ ಸಾಗುವುದು ಕಷ್ಟ. ಆದರೆ ಒಂದು ಮಿತಿಯಾಚೆಗೆ ವೇಗವೆಂಬುದು ಹಣ ಕೊಟ್ಟು ಕೊಳ್ಳಬಹುದಾದ ಸರಕು. ವರ್ಷವಿಡೀ ತರಬೇತಿ ಕೇಂದ್ರದಲ್ಲಿ ಗಡಿಯಾರ ಮುಂದಿಟ್ಟುಕೊಂಡು ಪಳಗಿದ ಮಗು ಪ್ರಶ್ನೆಯ ಮಾದರಿಯನ್ನು ಗುರುತಿಸುತ್ತದೆ; ಉಳಿದ ಮಗು ಪ್ರಶ್ನೆಯನ್ನು ಯೋಚಿಸುತ್ತದೆ. ಯೋಚಿಸುವವರಿಗೇ ಸಮಯ ಸಾಲದು.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಶಾಲೆಗಳನ್ನು ಕಲ್ಪಿಸಿದ್ದು ಮುಖ್ಯವಾಗಿ ಗ್ರಾಮೀಣ ಪ್ರತಿಭೆಗಳಿಗಾಗಿ. ಕನಿಷ್ಠ ಶೇ 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೆ ತರಬೇತಿಯ ಶುಲ್ಕ ಕಟ್ಟಬಲ್ಲವರು ಹಾಗೂ ಕಟ್ಟಲಾರದವರು ಹಳ್ಳಿಯೊಳಗೂ ಇದ್ದಾರೆ. ಆ ಅಂತರವನ್ನು ಮೀಸಲಾತಿ ಅಳಿಸದು.

ಪರೀಕ್ಷೆಯನ್ನೇ ರದ್ದುಪಡಿಸಬೇಕಿಲ್ಲ; ಹಾಗೆ ಮಾಡಿದರೆ ವಶೀಲಿಗೆ ಬಾಗಿಲು ತೆರೆದಂತಾದೀತು. ಅದೇ 20 ಪ್ರಶ್ನೆಗಳಿಗೆ ಒಂದು ಗಂಟೆ ಕೊಡಲಿ. ಸರ್ಕಾರಿ ಶಾಲೆಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸವನ್ನು ವಾರಕ್ಕೊಮ್ಮೆ ಉಚಿತವಾಗಿ ಮಾಡಿಸಲಿ. ಇದಕ್ಕೆ ಬೇಕಾದ ಖರ್ಚು ಅಲ್ಪ.

ದೀರ್ಘಕಾಲ ಸರ್ಕಾರಿ ಕಡತಗಳ ನಡುವೆ ಕಳೆದವನು ನಾನು. ಅವಸರದ ಸಹಿಯಿಂದಾದ ಹಾನಿಯನ್ನು ಕಂಡಿದ್ದೇನೆ. ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿಕೊಳ್ಳುವ ಹತ್ತು ವರ್ಷದ ಬಾಲಕಿಯನ್ನು ನಿಧಾನಿ ಎಂದು ಹೊರಗಿಡುವ ಪರೀಕ್ಷೆ, ತಾನು ಯಾರನ್ನು ಹುಡುಕಹೊರಟಿತ್ತೋ ಅವರನ್ನೇ ಕಳೆದುಕೊಳ್ಳುತ್ತದೆ.